ಮುಂದಿನ ವಚನವನ್ನೂ ಓದಿ

ಪ್ರಿಯರೇ, ವಂದನೆಗಳು.

ನೀವು ಕಳುಹಿಸಿದ ‘ಕಾಲದ ಒಡೆಯ’ ಲೇಖನ ಕೈಸೇರಿತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಕಾಲ ದೇವರ ಕೈಯಲ್ಲಿದೆ, ಪಾಪದಿಂದ ಬಿಡಿಸುವ ರಕ್ಷಣೆ ಆತನ ಉಚಿತ ವರ ಎಂಬ ಎರಡು ಮಾತು ಹೇಳಹೊರಟಿದ್ದೀರಿ. ಮೊದಲನೆಯದಕ್ಕೆ ಐದು ಪುಟ, ಎರಡನೆಯದಕ್ಕೆ ಕೊನೆಯ ಅರ್ಧ ಪುಟ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಓದುಗ ಕೇಳಿದರೆ ನಿಮ್ಮ ಲೇಖನದಲ್ಲಿ ಉತ್ತರವಿಲ್ಲ.

ಉತ್ತರ ನೀವು ಎತ್ತಿಕೊಂಡ ಸತ್ಯವೇದದ (ಬೈಬಲಿನ) ವಚನಗಳ ಪಕ್ಕದಲ್ಲೇ ಇದೆ. ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎನ್ನುವ 2 ಪೇತ್ರ 3:8 ಹಿಡಿದು ದೇವರ ದೊಡ್ಡತನವನ್ನು ಎರಡು ಪ್ಯಾರಾ ಹೊಗಳಿದ್ದೀರಿ, 9ನೇ ವಚನಕ್ಕೆ ಹೋಗಲೇ ಇಲ್ಲ. ‘ಮತ್ತೆ ಬರುತ್ತೇನೆಂದ ಯೇಸು ಎಲ್ಲಿ?’ ಎಂದು ಗೇಲಿ ಮಾಡುವವರಿಗೆ ಪೇತ್ರನು ಅಲ್ಲಿ ಉತ್ತರ ಕೊಡುತ್ತಿದ್ದಾನೆ. ಒಬ್ಬರೂ ನಾಶವಾಗಬಾರದು, ಎಲ್ಲರೂ ದೇವರ ಕಡೆಗೆ ತಿರುಗಿಕೊಳ್ಳಬೇಕು ಎಂದೇ ಕರ್ತನು ತಾಳಿಕೊಂಡಿದ್ದಾನಂತೆ. ಕಾಲದ ಮೇಲಿನ ಅಧಿಕಾರವನ್ನು ಆತನು ಬಳಸುತ್ತಿರುವುದೇ ರಕ್ಷಣೆಗಾಗಿ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಮೂರನೇ ಪುಟದ ಕಂಪ್ಯೂಟರ್ ಕಥೆಯನ್ನು ಪೂರ್ತಿ ತೆಗೆಯಿರಿ. ನಾಸಾ ವಿಜ್ಞಾನಿಗಳ ಲೆಕ್ಕದಲ್ಲಿ ಒಂದು ದಿನ ಕಡಿಮೆ ಬಂತು, ಅದರಲ್ಲಿ 23 ಗಂಟೆ 20 ನಿಮಿಷ ಸೂರ್ಯ ನಿಂತ ಯೆಹೋಶುವನ ಕಾಲದ್ದು, ಉಳಿದ 40 ನಿಮಿಷ ನೆರಳು ಹಿಂದಕ್ಕೆ ಸರಿದ ಯೆಹೂದದ ಅರಸ ಹಿಜ್ಕೀಯನ ಕಾಲದ್ದು ಎಂಬ ಕಥೆ. ಇದು ಕಟ್ಟುಕಥೆ. ನಾಸಾ ನಿರಾಕರಿಸಿದೆ. ಕಂಪ್ಯೂಟರ್ ಎಂಬುದು ಹುಟ್ಟುವ ಮೊದಲೇ, 1890ರಲ್ಲಿ, ಅಮೆರಿಕದ ಟಾಟನ್ ಎಂಬುವರು ‘ಕಳೆದುಹೋದ ದಿನ’ದ ಲೆಕ್ಕ ಹಾಕಿ ಅಚ್ಚು ಹಾಕಿಸಿದ್ದರು. ಸತ್ಯವೇದವನ್ನು ಕಾಪಾಡಲು ಸುಳ್ಳಿನ ನೆರವು ಯಾಕೆ ಬೇಕು? (ಈ ಕಥೆಯನ್ನು ಪ್ರಸಂಗಗಳಲ್ಲೂ ಹೇಳುತ್ತಾರೆ ಅನ್ನುತ್ತೀರಿ. ಹೇಳುತ್ತಾರೆ, ಅದೇ ಬೇಸರ.)

ಹಿಜ್ಕೀಯನನ್ನು ಮಾತ್ರ ಬಿಡಬೇಡಿ. ನಿಮ್ಮಲ್ಲಿರುವ ಒಳ್ಳೆಯ ಸರಕು ಅವನೇ. ಆದರೆ ‘ಅತ್ತನು, ಪ್ರಾರ್ಥಿಸಿದನು, 15 ವರ್ಷ ಸಿಕ್ಕಿತು, ನಾವೂ ಪ್ರಾರ್ಥಿಸೋಣ’ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 2 ಅರಸುಗಳು 20ನ್ನು ನಿಧಾನವಾಗಿ ಓದಿ. ಕಾಯಿಲೆಬಿದ್ದ ಅರಸನಿಗೆ ನೀನು ಸಾಯುತ್ತೀ ಎಂದು ಹೇಳಿ ಹೊರಟ ಪ್ರವಾದಿ ಯೆಶಾಯನು ಇನ್ನೂ ಅರಮನೆಯ ನಡುವಿನ ಅಂಗಳವನ್ನೇ ದಾಟಿಲ್ಲ, ಹಿಂದಿರುಗಿ ಹೋಗು ಎಂಬ ಅಪ್ಪಣೆ ಬರುತ್ತದೆ. ಆಯುಷ್ಯ ಕೂಡಿಸಿದ ದೇವರೇ ಹುಣ್ಣಿಗೆ ಅಂಜೂರದ ಉಂಡೆಯನ್ನೂ ಹಾಕಿಸುತ್ತಾನೆ. ಇದಕ್ಕೆ ಗುರುತಾಗಿ, ತಂದೆ ಆಹಾಜನ ಮೆಟ್ಟಲುಗಳ ಮೇಲೆ ನೆರಳು ಹತ್ತು ಮೆಟ್ಟಲು ಹಿಂದಕ್ಕೆ ಸರಿಯುತ್ತದೆ.

ಅಲ್ಲೇ ಪುಸ್ತಕ ಮುಚ್ಚಬೇಡಿ, ಮುಂದಿನ ಅಧ್ಯಾಯಕ್ಕೆ ಹೋಗಿ. ಹಿಜ್ಕೀಯನು ತೀರಿಕೊಂಡಾಗ ಪಟ್ಟಕ್ಕೆ ಬಂದ ಮಗ ಮನಸ್ಸೆಗೆ 12 ವರ್ಷ. ಆ ಲೆಕ್ಕದಲ್ಲಿ ಅವನು ಹುಟ್ಟಿದ್ದು ಕೂಡಿಸಿ ಕೊಟ್ಟ 15 ವರ್ಷದೊಳಗೆ. ಅವನು 55 ವರ್ಷ ಆಳಿದ. ಹೆತ್ತ ಮಗನನ್ನೇ ಬೆಂಕಿಗೆ ಬಲಿಕೊಟ್ಟ, ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿಸಿದ. ಅಪ್ಪನಿಗೆ ಸಿಕ್ಕ ವರದಿಂದ ಇಂಥ ಮಗನೇ ಎಂದು ಓದುಗ ಕೇಳಲಿ, ಕೇಳಬೇಕು. ಆಮೇಲೆ ಓದುಗನನ್ನು 2 ಪೂರ್ವಕಾಲವೃತ್ತಾಂತ 33ಕ್ಕೆ ಕರೆದೊಯ್ಯಿರಿ. ಬೇಡಿ ಹಾಕಿಸಿಕೊಂಡು ಬಾಬೆಲಿಗೆ ಹೋದ ಅದೇ ಮನಸ್ಸೆ ತಗ್ಗಿಸಿಕೊಂಡು ಬೇಡುತ್ತಾನೆ, ದೇವರು ಕೇಳುತ್ತಾನೆ. ಮತ್ತಾಯ 1:10ರಲ್ಲಿ ಯೇಸುವಿನ ವಂಶಾವಳಿಯೊಳಗೆ ಅವನ ಹೆಸರಿದೆ. ಕಾಲವೂ ರಕ್ಷಣೆಯೂ ಒಂದೇ ಮನೆತನದ ಕಥೆಯಲ್ಲಿ ಕೂಡಿಬಂದಿರುವಾಗ ಇನ್ನೂ 23 ವಚನಗಳನ್ನು ಪೋಣಿಸುವ ಅಗತ್ಯವೇನು?

ತಾಯಿಯ ಕಾಯಿಲೆಯ ಬಗ್ಗೆ ಬರೆದ ಸಾಲು ಇಡೀ ಲೇಖನದಲ್ಲಿ ನನಗೆ ಹೆಚ್ಚು ಹಿಡಿಸಿತು: ‘ಡಾಕ್ಟರು ನೋಡೋಣ ಅಂದ ಮೇಲೆ ನಾವು ಗಡಿಯಾರ ನೋಡುವುದನ್ನೇ ಬಿಟ್ಟೆವು.’ ಆದರೆ ಅವರಿಗೆ ಮುಂದೇನಾಯಿತು ಎಂದು ಹೇಳದೆ ನೇರ ಹಿಜ್ಕೀಯನಿಗೆ ಹಾರಿದ್ದೀರಿ. ಅವರು ಉಳಿಯಲಿಲ್ಲವಾದರೆ ಅದನ್ನೂ ಬರೆಯಿರಿ. ಮನಸ್ಸೆಯ ಮೊಮ್ಮಗ ಯೋಷೀಯನು ಪೂರ್ಣ ಮನಸ್ಸಿನಿಂದ ದೇವರ ಕಡೆಗೆ ತಿರುಗಿದವನು. 39ಕ್ಕೇ ಮೆಗಿದ್ದೋವಿನಲ್ಲಿ ಹತನಾದ. ಅವನ ಆಯುಷ್ಯಕ್ಕೆ ಒಂದು ದಿನವೂ ಕೂಡಲಿಲ್ಲ. ಕಾಲದ ಮೇಲೆ ದೇವರಿಗಿರುವ ಆ ಅಧಿಕಾರವನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಗೊತ್ತಿರುವವರು ನೀವು. ಇಷ್ಟವಿಲ್ಲದಿದ್ದರೆ ಆ ಸಾಲನ್ನೇ ತೆಗೆದುಬಿಡಿ, ತಪ್ಪೇನಿಲ್ಲ. ಅರ್ಧ ಹೇಳುವುದು ಮಾತ್ರ ಬೇಡ.

ಕೊನೆಯ ಕರೆ: ‘ಇಂದೇ ಜೀವನ ಸರಿಪಡಿಸಿಕೊಂಡು ರಕ್ಷಣೆಗೆ ಯೋಗ್ಯರಾಗಿ.’ ಇದರ ಮೇಲಿನ ಸಾಲಿನಲ್ಲೇ ಎಫೆಸ 2:8 ಬರೆದು, ನಮ್ಮಿಂದುಂಟಾದದ್ದಲ್ಲ, ದೇವರ ವರ ಎಂದಿದ್ದೀರಿ! ಯೇಸುವಿನ ಪಕ್ಕದ ಶಿಲುಬೆಯ ಕಳ್ಳನಿಗೆ ಸರಿಪಡಿಸಿಕೊಳ್ಳಲು ಯಾವ ದಿನ ಉಳಿದಿತ್ತು? ಅವನಿಗೆ ಸಿಕ್ಕ ಮಾತು ‘ಈಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವಿ’ ಎಂದು. ತುರ್ತು ಇರಲಿ, ಬೆದರಿಕೆ ಬೇಡ.

ಮೂರು ಪುಟ ಮೀರದಂತೆ ತಿದ್ದಿ ಕಳುಹಿಸಿ. ವಚನಗಳನ್ನು ನೆನಪಿನಿಂದ ಬರೆಯದೆ ಸತ್ಯವೇದ ತೆರೆದಿಟ್ಟು ನೋಡಿಕೊಳ್ಳಿ. ಎರಡು ಕಡೆ ಅಧ್ಯಾಯದ ಸಂಖ್ಯೆ ತಪ್ಪಿದೆ, ಅಂಚಿನಲ್ಲಿ ಗುರುತು ಹಾಕಿದ್ದೇನೆ.

ಇಂತಿ,
ಸಂಪಾದಕ