ಅಕ್ಷರ ಇಲ್ಲದ ನಿಕಲ್‌ಗೆ ಸಾವಿರ ಡಾಲರ್ ಬರುವುದಿಲ್ಲ

ಪ್ರಶ್ನೆ: ನಾನಿರುವುದು ನ್ಯೂಜೆರ್ಸಿಯಲ್ಲಿ. ಬ್ಯಾಂಕಿನಿಂದ ತಂದ ನಿಕಲ್ (ಅಮೆರಿಕದ ಐದು ಸೆಂಟಿನ ನಾಣ್ಯ) ರೋಲ್‌ಗಳಲ್ಲಿ 1964ರ ನಾಣ್ಯ ಆರು ಸಿಕ್ಕಿವೆ. ಯಾವ ಟಂಕಸಾಲೆಯದು ಅಂತ ತೋರಿಸುವ ಅಕ್ಷರ ಒಂದರಲ್ಲೂ ಇಲ್ಲ. 1944ರದ್ದೂ ಒಂದು ಸಿಕ್ಕಿದೆ, ಅದರಲ್ಲೂ ಇಲ್ಲ. ಅಕ್ಷರ ಬಿಟ್ಟುಹೋದ ನಾಣ್ಯಕ್ಕೆ ಸಾವಿರಾರು ಡಾಲರ್ ಅಂತ ವಿಡಿಯೊ ನೋಡಿದೆ. ಯಾರಿಗೆ ಮಾರಲಿ ಸರ್?

ಆ ಆರನ್ನು ಅಂಗಡಿಯಲ್ಲಿ ಖರ್ಚು ಮಾಡಿ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಪ್ರತಿ ಸಲವೂ ಹಿಂದೆ ಇಂಥದ್ದೇ ಒಂದು ವಿಡಿಯೊ ಇರುತ್ತದೆ. ಯುದ್ಧದ ವರ್ಷಗಳನ್ನು ಬಿಟ್ಟರೆ, ಫಿಲಡೆಲ್ಫಿಯಾ ಟಂಕಸಾಲೆ 1980ಕ್ಕೆ ಮೊದಲು ತನ್ನ ನಿಕಲ್ ಮೇಲೆ ಅಕ್ಷರ ಹಾಕುತ್ತಲೇ ಇರಲಿಲ್ಲ. ಅದು ತಪ್ಪಲ್ಲ, ಅಲ್ಲಿನ ಪದ್ಧತಿ. 1964ರ ಇಸವಿಯದ್ದನ್ನು ಅದೊಂದೇ ಟಂಕಸಾಲೆ 100 ಕೋಟಿಗೂ ಜಾಸ್ತಿ ಅಚ್ಚು ಹಾಕಿದೆ. ಅಷ್ಟಿರುವ ನಾಣ್ಯ ಅಪರೂಪ ಹೇಗಾಗುತ್ತದೆ ಹೇಳಿ? ವಿಡಿಯೊ ಮಾಡುವವರಿಗೂ ಇದು ಗೊತ್ತು, ಗೊತ್ತಿದ್ದೂ ಸುಳ್ಳು ಹೇಳುತ್ತಾರೆ, ಅದಕ್ಕೇ ನನಗೆ ಸಿಟ್ಟು.

1944ರದ್ದನ್ನು ಮಾತ್ರ ತೆಗೆದಿಡಿ. ಯುದ್ಧಕ್ಕೆ ನಿಕಲ್ ಲೋಹ ಬೇಕಾಗಿತ್ತು. ಹಾಗಾಗಿ 1942ರ ಕೊನೆಯ ತಿಂಗಳುಗಳಿಂದ 1945ರವರೆಗೆ ಐದು ಸೆಂಟಿನ ನಾಣ್ಯದಿಂದ ಅದನ್ನು ಪೂರ್ತಿ ತೆಗೆದು 56% ತಾಮ್ರ, 35% ಬೆಳ್ಳಿ, 9% ಮ್ಯಾಂಗನೀಸ್ ಸೇರಿಸಿದರು. ಬೆಳ್ಳಿಯದ್ದನ್ನು ಮುಂದೆ ಬೇರೆ ಮಾಡಲು ಸುಲಭವಾಗಲಿ ಅಂತ ನಾಣ್ಯದ ಹಿಂಬದಿಯಲ್ಲಿರುವ ಮಾಂಟಿಸೆಲೊ ಮನೆಯ ಗುಮ್ಮಟದ ಮೇಲೆ ದೊಡ್ಡದಾಗಿ ಪಿ (ಫಿಲಡೆಲ್ಫಿಯಾ), ಡಿ (ಡೆನ್ವರ್) ಅಥವಾ ಎಸ್ (ಸ್ಯಾನ್ ಫ್ರಾನ್ಸಿಸ್ಕೊ) ಇಟ್ಟರು. 5 ಗ್ರಾಂ ನಾಣ್ಯದಲ್ಲಿ 1.75 ಗ್ರಾಂ ಬೆಳ್ಳಿ. ರೋಲ್ ಬಿಚ್ಚಿ 40 ನಾಣ್ಯಗಳನ್ನೂ ಒತ್ತಾಗಿ ಸಾಲು ಹಿಡಿದರೆ ಇದು ಅಂಚಿನಲ್ಲೇ ಗೊತ್ತಾಗುತ್ತದೆ, ಬೂದಿ ಮೆತ್ತಿದ ಹಾಗೆ ಮಾಸಲಾಗಿ ಕಾಣುತ್ತದೆ.

ಹಾಗಾದರೆ ನಿಮ್ಮ ನಾಣ್ಯದ ಅಕ್ಷರ ಎಲ್ಲಿ ಹೋಯಿತು? ಮೊದಲು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಸವೆದ ಗುರುತು ಕಂಡರೂ ಕಾಣಬಹುದು. ಕಾಣದಿದ್ದರೆ ತೂಕ ಮಾಡಿ. ನಿಮ್ಮ ನ್ಯೂಜೆರ್ಸಿಯಲ್ಲೇ 1950ರ ದಶಕದಲ್ಲಿ ಫ್ರಾನ್ಸಿಸ್ ಲೆರಾಯ್ ಹೆನ್ನಿಂಗ್ ಅನ್ನುವವನು ಖೋಟಾ ನಿಕಲ್ ಮಾಡುತ್ತಿದ್ದ. 1944 ಅಂತ ಇಸವಿ ಹಾಕಿದ, ಗುಮ್ಮಟದ ಮೇಲಿನ ಪಿ ಬಿಟ್ಟುಬಿಟ್ಟ. ಸಿಕ್ಕಿಬಿದ್ದು ಜೈಲಿಗೂ ಹೋದ. ಅವನ ನಾಣ್ಯ ಸಾಮಾನ್ಯವಾಗಿ 5.4 ಗ್ರಾಂ ಹತ್ತಿರ ತೂಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಾಣ್ಯದ ಮೇಲಿನ 'ಪ್ಲೂರಿಬಸ್' ಪದದ ಆರ್ ಅಕ್ಷರದ ಕಾಲಿನಲ್ಲಿ ಪುಟ್ಟ ತೂತು, ಎಲ್ಲದರಲ್ಲೂ ಅಲ್ಲ, ಹಲವದರಲ್ಲಿ. ಇದನ್ನು ಹುಡುಕಿ ಇಟ್ಟುಕೊಳ್ಳುವವರು ಇದ್ದಾರೆ, ನಿಜ. ಆದರೆ ಎಷ್ಟೆಂದರೂ ಖೋಟಾ ನಾಣ್ಯ, ಕಾನೂನಿನ ತೊಡಕು ಇದೆ. ನಾನಾದರೆ ಮಾರಲು ಹೋಗುವುದಿಲ್ಲ.

ಪ್ರಶ್ನೆ: ಕಾಡೆಮ್ಮೆ ಚಿತ್ರದ ಹಳೆಯ ಬಫಲೊ ನಿಕಲ್‌ನ ಇಸವಿ ಸವೆದಿದೆ. ಆಸಿಡ್ ಹಾಕಿ ಬರಿಸಿಕೊಡುತ್ತೇನೆ ಅಂತಾನೆ ಒಬ್ಬ.

ಇಸವಿ ಕಾಣಿಸುತ್ತದೆ, ನಾಣ್ಯ ಹಾಳಾಗುತ್ತದೆ. ಅವನ ಕೈಗೆ ಕೊಡಬೇಡಿ.

ಪ್ರಶ್ನೆ: ಹುಣಸೆಹಣ್ಣು ಅಥವಾ ಪೀತಾಂಬರಿ ಹಾಕಿ ಉಜ್ಜಬಹುದಾ?

ಬೇಡ. ಎಷ್ಟು ಸಲ ಹೇಳಬೇಕು! ಉಜ್ಜಿದ ಮೇಲೆ ನಾಣ್ಯದ ಮೊದಲಿನ ಮೈ ಮತ್ತೆ ಬರುವುದಿಲ್ಲ.

ಪ್ರಶ್ನೆ: ಬೆಳ್ಳಿ ನಿಕಲ್ ಆಯಸ್ಕಾಂತಕ್ಕೆ ಅಂಟುತ್ತದಾ?

ಇಲ್ಲ. ಮಾಮೂಲಿ ನಿಕಲ್ಲೂ ಅಂಟುವುದಿಲ್ಲ, ಅದರಲ್ಲಿ 75% ತಾಮ್ರ. ಅಂಟಿದರೆ ಕೆನಡಾದ ನಾಣ್ಯ ಇರಬೇಕು.

ಪ್ರಶ್ನೆ: ಯಾವ ಬ್ಯಾಂಕಿನ ರೋಲ್ ಒಳ್ಳೆಯದು?

ಯಾವುದಾದರೂ ಸರಿ. ನೋಡಿ ಮುಗಿಸಿದ್ದನ್ನು ಮಾತ್ರ ಬೇರೆ ಬ್ಯಾಂಕಿಗೆ ಕೊಡಿ, ಇಲ್ಲದಿದ್ದರೆ ಮುಂದಿನ ವಾರ ಅವೇ ನಿಮ್ಮ ಕೈಗೆ ಬರುತ್ತವೆ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮಪ್ಪನ ಹತ್ತಿರ ಟ್ರಾಕ್ಟರ್ ಚಿತ್ರದ 5 ರೂಪಾಯಿ ನೋಟಿದೆ. ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅಂತ ಫೋನ್ ಬಂದಿದೆ.

ಒಂದು ರೂಪಾಯಿಯೂ ಕಳಿಸಬೇಡಿ! ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ, ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇದನ್ನು ಓದಿ ಮುಗಿಸಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ.