ಅಣ್ಣನಿಗೆ ಕಿಡ್ನಿ: ತಂಗಿಯನ್ನು ಯಾರೂ ಕೇಳಿರಲಿಲ್ಲ

(ಗುರುತು ಸಿಗದಂತೆ ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಂಡು ಸುಮಾ ಆಪ್ತಸಲಹೆಗೆ ನನ್ನ ಬಳಿ ಬಂದರು. ವಯಸ್ಸು 31. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಗಂಡ, ಅತ್ತೆ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ವಾಸ. ಸ್ವಲ್ಪ ಹೊತ್ತು ಅತ್ತಿತ್ತಲಿನ ಮಾತಾದ ಮೇಲೆ ಬಟ್ಟೆ ಅಂಗಡಿಯ ಚೀಲದಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟರು. ಅದರ ಒಂದು ಹಾಳೆಯಲ್ಲಿ ‘ದಾನಿ’ ಎಂಬಲ್ಲಿ ಅವರ ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲವನ್ನೂ ಬರೆದಾಗಿತ್ತು. ಬರವಣಿಗೆ ಅವರದಲ್ಲ, ಸೋದರಮಾವನದು. ಸಹಿಯ ಜಾಗವೊಂದು ಖಾಲಿ ಇತ್ತು. ಎಲ್ಲಿ ಸಹಿ ಹಾಕಬೇಕೆಂದು ತಿಳಿಯಲಿ ಎಂದು ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿದ್ದರು.

ಸುಮಾ ಅವರ ಅಣ್ಣನಿಗೆ 38 ವರ್ಷ. ರಕ್ತದೊತ್ತಡವನ್ನು ಬಹುಕಾಲ ಅಲಕ್ಷಿಸಿದ್ದರಿಂದ ಎರಡೂ ಕಿಡ್ನಿಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಸಿ ಮಾಡಿಸುವುದೇ ಒಳ್ಳೆಯದು ಎಂದು ಬೆಂಗಳೂರಿನ ತಜ್ಞರು ಹೇಳಿದ್ದಾರೆ. ತಾಯಿಗೆ ಸಕ್ಕರೆ ಕಾಯಿಲೆ, ಅವರು ಕೊಡುವಂತಿಲ್ಲ. ಅತ್ತಿಗೆ ಕೊಡಲು ಸಿದ್ಧರಿದ್ದಾರೆ. ಆದರೆ ಅವರದು ‘ಎ’ ಗುಂಪು, ಅಣ್ಣನದು ‘ಬಿ’. ಸುಮಾ ಅವರದು ‘ಓ’, ಯಾವ ಗುಂಪಿನವರಿಗೂ ಕೊಡಬಹುದಾದ ಗುಂಪು. ಅಲ್ಲಿಗೆ ಮನೆಯವರ ಲೆಕ್ಕ ಮುಗಿದಿತ್ತು.

“ನಿಮಗೆ ಒಬ್ಬ ತಮ್ಮನೂ ಇದ್ದಾನಲ್ಲವೇ?” ಎಂದು ಕೇಳಿದೆ.

“ಅವನಿಗಿನ್ನೂ ಮದುವೆಯಾಗಿಲ್ಲ, ಮೇಡಂ. ಹೊಟ್ಟೆಯ ಮೇಲೆ ಆಪರೇಷನ್ ಗಾಯವಿದ್ದರೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅಮ್ಮ ಹೇಳುತ್ತಾರೆ.”

27 ವರ್ಷದ ಆ ತಮ್ಮನ ರಕ್ತವನ್ನು ಪರೀಕ್ಷೆ ಕೂಡ ಮಾಡಿಸಿರಲಿಲ್ಲ. ಕಿಡ್ನಿ ಕಸಿಯ ವಿಷಯಕ್ಕೆ ನನ್ನ ಬಳಿ ಬರುವ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಇದು ತಾಯಂದಿರ, ಹೆಂಡತಿಯರ ಪ್ರೀತಿಯಿಂದ ಮಾತ್ರ ಆಗಿದ್ದಲ್ಲ. ಯಾರನ್ನು ಕೇಳಬೇಕು, ಯಾರ ಸುದ್ದಿಗೆ ಹೋಗಬಾರದು ಎಂಬುದನ್ನು ಮನೆಯೇ ಮೊದಲು ತೀರ್ಮಾನಿಸಿರುತ್ತದೆ.

ಸುಮಾ ಅವರ ಮದುವೆಗೆ ಸಾಲ ಮಾಡಿದವನು ಅಣ್ಣ. ಬಾಣಂತನಕ್ಕೆ ತವರಿಗೆ ಬಂದಾಗ ಅರ್ಧರಾತ್ರಿ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ತಾಯಿ ಪ್ರತಿ ಫೋನಿನಲ್ಲೂ ಇದನ್ನು ನೆನಪಿಸುತ್ತಿದ್ದರು. ಇತ್ತ ಅತ್ತೆ, “ಕೊಡುವುದಾದರೆ ಆಮೇಲೆ ತವರಿನಲ್ಲೇ ಇದ್ದುಬಿಡು” ಎಂದಿದ್ದರು. ಗಂಡ “ನಿನ್ನಿಷ್ಟ” ಎಂದು ಟಿವಿಯತ್ತ ತಿರುಗಿದ್ದರು. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದಕ್ಕೇ ಎಂದು ಸುಮಾ ಹೇಳಿದರು. ಅವರಿಗೆ ಇನ್ನೊಂದು ಮಗು ಬೇಕೆಂಬ ಆಸೆಯಿದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಅಣ್ಣನ ಸಾವು ಬಯಸಿದಂತಾಗುತ್ತದೆ ಎಂಬ ಭಯವೂ ಇದೆ.

ಕೊಡಿ ಎಂದಾಗಲಿ ಕೊಡಬೇಡಿ ಎಂದಾಗಲಿ ನಾನು ಹೇಳಲಿಲ್ಲ. ಅದು ಆಪ್ತಸಲಹೆಗಾರರು ಹೇಳುವ ಮಾತಲ್ಲ. ‘ಬೇಡ’ ಎನ್ನಲು ದಾರಿಯೇ ಇಲ್ಲದವರು ‘ಹೂಂ’ ಎಂದರೆ ಅದನ್ನು ಒಪ್ಪಿಗೆಯೆಂದು ನಾನು ಎಣಿಸುವುದಿಲ್ಲ. ಆದ್ದರಿಂದ ಮೊದಲು ಆ ದಾರಿ ಎಲ್ಲಿದೆ ಎಂದು ತೋರಿಸಿದೆ.

ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು 1994ರಲ್ಲಿ. ಅದರ 2014ರ ನಿಯಮಾವಳಿಯಲ್ಲಿ, ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವರ ಸ್ವತಂತ್ರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ದೃಢಪಡಿಸಬೇಕು ಎಂದಿದೆ. ಆಸ್ಪತ್ರೆಯ ಕಸಿ ಸಂಯೋಜಕರನ್ನೂ ವೈದ್ಯರನ್ನೂ ಒಬ್ಬರೇ ಭೇಟಿಯಾಗಿ, ಮನೆಯವರು ಹೊರಗಿರಲಿ ಎಂದು ಧೈರ್ಯವಾಗಿ ಕೇಳಿ ಎಂದೆ. ಸಹಿ ಹಾಕಿದ ಮೇಲೂ, ಆಪರೇಷನ್ ಕೋಣೆಯ ಬಾಗಿಲವರೆಗೆ ಹೋದ ಮೇಲೂ ಹಿಂದೆ ಸರಿಯಬಹುದು. ಮನೆಯಲ್ಲಿ ಹೇಳಲು ಆಗದಿದ್ದರೆ, ‘ಇವರನ್ನು ದಾನಿಯಾಗಿ ತೆಗೆದುಕೊಳ್ಳಲು ಆಗುವುದಿಲ್ಲ’ ಎಂದಷ್ಟೇ ವೈದ್ಯರು ತಿಳಿಸುತ್ತಾರೆ, ಕಾರಣ ಬಿಚ್ಚಿಡುವುದಿಲ್ಲ. ಇದನ್ನು ಕೇಳಿ ಸುಮಾ ಬಹಳ ಹೊತ್ತು ಅತ್ತರು.

ಭಯವನ್ನು ಉಬ್ಬಿಸುವುದೂ ನನಗೆ ಒಪ್ಪಿಗೆಯಿಲ್ಲ. ಸರಿಯಾಗಿ ಪರೀಕ್ಷಿಸಿ ಆರಿಸಿದ ದಾನಿಗಳು ಒಂದೇ ಕಿಡ್ನಿಯಲ್ಲಿ ಆರೋಗ್ಯವಾಗಿ ಬಾಳುತ್ತಾರೆ. ಉಳಿದ ಕಿಡ್ನಿ ತನ್ನ ಕೆಲಸವನ್ನು ಹೆಚ್ಚಿಸಿಕೊಳ್ಳುತ್ತದೆ. ಆದರೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತ ಪರೀಕ್ಷೆ) ಮತ್ತು ಮೂತ್ರದ ಪರೀಕ್ಷೆ ಜೀವನಪೂರ್ತಿ ಆಗಬೇಕು. ನೋವಿನ ಮಾತ್ರೆಗಳನ್ನು ತಮ್ಮಷ್ಟಕ್ಕೆ ನುಂಗುವಂತಿಲ್ಲ. ಕಿಡ್ನಿ ಕೊಟ್ಟ ಮೇಲೆ ಗರ್ಭಿಣಿಯಾದರೆ ರಕ್ತದೊತ್ತಡ ಏರುವ ಸಂಭವ ಹೆಚ್ಚು. ಇನ್ನೊಂದು ಮಗುವಿನ ಆಸೆಯನ್ನು ವೈದ್ಯರಿಗೆ ಹೇಳಲೇಬೇಕು ಎಂದು ಒತ್ತಿ ಹೇಳಿದೆ. ಅದು ಸ್ವಾರ್ಥವಲ್ಲ, ವೈದ್ಯರಿಗೆ ಬೇಕಾದ ಮಾಹಿತಿ.

‘ನಾನು ಕೊಡದಿದ್ದರೆ ಅಣ್ಣ ಉಳಿಯುವುದಿಲ್ಲ’ ಎಂಬ ಮಾತನ್ನೂ ಬಿಡಿಸಿ ನೋಡಿದೆವು. ಕಸಿಯಾದರೆ ಬದುಕು ಖಂಡಿತ ಸುಧಾರಿಸುತ್ತದೆ. ಹಾಗೆಂದು ಡಯಾಲಿಸಿಸ್‌ನಲ್ಲಿರುವುದು ನಾಳೆಯೇ ಸಾಯುವುದಲ್ಲ. ವರ್ಷಗಟ್ಟಲೆ ಅದರಲ್ಲಿ ಬಾಳುವವರಿದ್ದಾರೆ. ಅತ್ತಿಗೆಯ ದಾರಿಯೂ ಮುಚ್ಚಿರಲಿಲ್ಲ. ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಅದಲು ಬದಲು ಕಸಿಗೆ ಅವಕಾಶ ಕೊಟ್ಟಿದೆ. ರೋಗಿ ‘ಎ’, ಕೊಡುವವರು ‘ಬಿ’ ಆಗಿರುವ ಇನ್ನೊಂದು ಕುಟುಂಬ ಸಿಕ್ಕರೆ, ಅತ್ತಿಗೆಯ ಕಿಡ್ನಿ ಆ ರೋಗಿಗೆ, ಆ ಮನೆಯವರ ಕಿಡ್ನಿ ಅಣ್ಣನಿಗೆ. ಆಸ್ಪತ್ರೆಗಳಲ್ಲಿ ಇದಕ್ಕೆ ‘ಸ್ವಾಪ್’ ಎನ್ನುತ್ತಾರೆ. ಇಡೀ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗುಂಪು ಹೊಂದಲಿಲ್ಲ ಎಂದ ದಿನದಿಂದ ಅತ್ತಿಗೆ ಅಪರಾಧಿಯಂತೆ ಅಡುಗೆಮನೆ ಸೇರಿದ್ದರಂತೆ.

ಮೃತರ ಅಂಗಕ್ಕಾಗಿ ರಾಜ್ಯದ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರನ್ನೂ ಅವರು ಬರೆಸಿರಲಿಲ್ಲ. ಸತ್ತವರದ್ದು ಬೇಡ ಎಂಬುದು ತಾಯಿಯ ಹಟ. ಈ ಮಾತಿಗೆ ನನಗೆ ನಿಜಕ್ಕೂ ಸಂಕಟವಾಯಿತು. 2023ರಲ್ಲಿ ದೇಶದಲ್ಲಿ 18,378 ಅಂಗಾಂಗ ಕಸಿಗಳು ನಡೆದವು. ಆ ವರ್ಷ ಅಂಗ ಕೊಟ್ಟ ಮೃತ ದಾನಿಗಳು 1,099 ಮಂದಿ ಮಾತ್ರ. ಹತ್ತು ಲಕ್ಷ ಜನಕ್ಕೆ ಒಬ್ಬರೂ ಆಗುವುದಿಲ್ಲ. ಮಿದುಳು ನಿಷ್ಕ್ರಿಯವಾಯಿತೆಂದು ವೈದ್ಯರ ತಂಡ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಘೋಷಿಸಿದ ಮೇಲೂ ಎಷ್ಟೋ ಮನೆಗಳು ಬೇಡವೆನ್ನುತ್ತವೆ. ಅಲ್ಲಿ ಸಿಗದೆ ಹೋದ ಕಿಡ್ನಿಯ ಭಾರ ಇಲ್ಲಿ ಸುಮಾ ಅಂಥವರ ಹೆಗಲೇರುತ್ತದೆ. 2021ರಲ್ಲಿ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದ್ದನ್ನು ತಾಯಿಗೆ ನೆನಪಿಸಲು ಹೇಳಿದೆ. ಟಿವಿಯಲ್ಲಿ ಅದನ್ನು ನೋಡಿ ಆ ತಾಯಿಯೂ ಕಣ್ಣೀರು ಹಾಕಿದ್ದರಂತೆ.

ದುಡ್ಡು ಕೊಟ್ಟರೆ ಕಿಡ್ನಿ ಕೊಡಿಸುವವರಿದ್ದಾರೆ ಎಂದು ಸೋದರಮಾವ ನಡುವೆ ಹೇಳಿದ್ದರು. ಅದರ ಸುಳಿಗೂ ಹೋಗಬೇಡಿ ಎಂದು ಕಡಾಖಂಡಿತವಾಗಿ ಹೇಳಿದೆ. ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವಿದೆ. ಅದಕ್ಕಿಂತ ಮೊದಲು, ಬಡತನಕ್ಕೆ ಸಿಕ್ಕಿ ಮೈ ಮಾರಿಕೊಳ್ಳುವ ಇನ್ನೊಬ್ಬ ಮನುಷ್ಯನ ಪ್ರಶ್ನೆ ಅದು.

ವೈದ್ಯರ ಬಾಯಿಂದ ಹೇಳಿಸುವ ದಾರಿಯನ್ನು ಸುಮಾ ಹಿಡಿಯಲಿಲ್ಲ. ಡಯಾಲಿಸಿಸ್ ನಡೆಯುವಾಗ ಅಣ್ಣನ ಪಕ್ಕ ಕುಳಿತು ತಾವೇ ಹೇಳಿದರು: “ಅಣ್ಣಾ, ಈಗ ನನ್ನಿಂದ ಆಗುವುದಿಲ್ಲ.” ಅಣ್ಣ ಹೇಳಿದ್ದು, “ನಿನ್ನನ್ನು ನಾನು ಕೇಳಿಯೇ ಇಲ್ಲವಲ್ಲ, ಪುಟ್ಟಿ. ಅಮ್ಮ ನೀನೇ ಮುಂದೆ ಬಂದೆ ಎಂದಿದ್ದಳು.” ತಂಗಿಯ ಸಂಸಾರ ಹಾಳಾಗುತ್ತದೆಂಬ ಚಿಂತೆ ಅವರಿಗೂ ಇತ್ತು, ತಾಯಿಯ ಮುಂದೆ ಬಾಯಿ ಬಂದಿರಲಿಲ್ಲ.

ಈಗ ಅಣ್ಣ ಅತ್ತಿಗೆ ಸ್ವಾಪ್‌ಗೂ ಜೀವಸಾರ್ಥಕತೆಯ ಪಟ್ಟಿಗೂ ಆಸ್ಪತ್ರೆಯ ಮೂಲಕ ಹೆಸರು ಕೊಟ್ಟಿದ್ದಾರೆ. ಜೋಡಿ ಇನ್ನೂ ಸಿಕ್ಕಿಲ್ಲ. ತಮ್ಮ ತಾನಾಗಿಯೇ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾನೆ. ಅವನ ಮೇಲೂ ಒತ್ತಡ ಹಾಕಬಾರದು, ಅವನೂ ಸಂಯೋಜಕರೊಂದಿಗೆ ಒಬ್ಬನೇ ಮಾತನಾಡಲಿ ಎಂದು ಹೇಳಿ ಕಳುಹಿಸಿದ್ದೇನೆ. ತಾಯಿ ಮಗಳೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ; ಆದರೂ ಅಣ್ಣನನ್ನು ನೋಡಲು ಹೋಗುವುದನ್ನು ನಿಲ್ಲಿಸಬೇಡಿ ಎಂದಿದ್ದೇನೆ. ಗಂಡನನ್ನೂ ಜೊತೆಗೆ ಕರೆತರಲು ಹೇಳಿದ್ದೆ, ಒಮ್ಮೆ ಬಂದು ಕುಳಿತರು.

“ಎರಡನೆಯ ಮಗುವಾದ ಮೇಲೆ ನನಗೇ ಕೊಡಬೇಕು ಅನ್ನಿಸಿದರೆ?” ಎಂದು ಸುಮಾ ಕೇಳಿದರು. ಆಗ ಹೆರಿಗೆಯಾಗಿ ಮೈ ಪೂರ್ತಿ ಚೇತರಿಸಿಕೊಳ್ಳಲಿ, ಪರೀಕ್ಷೆಗಳನ್ನೆಲ್ಲ ಹೊಸದಾಗಿ ಮಾಡಿಸಿ, ಅರ್ಜಿಯನ್ನು ನೀವೇ ನಿಮ್ಮ ಕೈಯಾರೆ ತುಂಬಿ ಎಂದೆ.