ಕಾಮಿಡಿ ಶೋಗೆ ಸ್ಕಿಟ್ ಬರೆಯುವುದನ್ನು ಬಿಟ್ಟು ನಾನೇ ಮೈಕ್ ಹಿಡಿಯಲಾ?

ಟಿವಿ ಕಾಮಿಡಿ ಶೋಗೆ ಬರೆಯುತ್ತಿದ್ದೀರಿ, ಚಪ್ಪಾಳೆ ಎಲ್ಲ ನಟನಿಗೆ ಹೋಗುತ್ತದೆ, ನಿಮ್ಮ ಹೆಸರು ಯಾರಿಗೂ ಗೊತ್ತಿಲ್ಲ, ಕೆಲಸ ಬಿಟ್ಟು ಸ್ಟ್ಯಾಂಡಪ್‌ಗೆ, ಅಂದರೆ ಒಬ್ಬರೇ ಮೈಕ್ ಹಿಡಿದು ನಿಂತು ಜನರನ್ನು ನಗಿಸುವುದಕ್ಕೆ, ಇಳಿಯಲಾ ಅಂತ ಕೇಳಿದ್ದೀರಿ. ನಾನು ಇದೇ ಪ್ರಶ್ನೆ ಇಟ್ಟುಕೊಂಡು ವರ್ಷಗಟ್ಟಲೆ ಒದ್ದಾಡಿದವನು. ಬಿಡಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದಕ್ಕೆ ನನ್ನ ಕಥೆ ಕೇಳಬೇಕಾಗುತ್ತದೆ.

ಕಾಲೇಜಿನಲ್ಲಿ ನಾಟಕ ಬರೆಯುತ್ತಿದ್ದೆ. ಅದನ್ನು ನೋಡಿದ ಒಬ್ಬ ಹಾಸ್ಯ ನಟರು "ನನಗೆ ಬರೆದುಕೊಡ್ತೀರಾ?" ಅಂತ ಕೇಳಿದರು. ಆಗಷ್ಟೇ ಅವರಿಗೆ ಟಿವಿಯಲ್ಲಿ ವಾರದ ಶೋ ಸಿಕ್ಕಿತ್ತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಬರೆದುಕೊಟ್ಟೆ, ಹಿಟ್ ಆಯಿತು. ಆಮೇಲೆ ವಾರ ಅನ್ನುವುದೇ ಬೇರೆ ಥರ ಆಗಿಹೋಯಿತು. ಒಂದು ದಿನ ಐಡಿಯಾ, ಮರುದಿನ ಬರವಣಿಗೆ, ಅದರ ಮರುದಿನ ರಿಹರ್ಸಲ್. ಶೂಟಿಂಗ್ ದಿನ ಬೆಳಗ್ಗೆ ಅರ್ಧ ಸ್ಕಿಟ್ ಕಿತ್ತು ಮತ್ತೆ ಕಟ್ಟುವುದು. ಶೂಟಿಂಗ್ ಮುಗಿದ ರಾತ್ರಿಯೇ ಮುಂದಿನ ವಾರದ ಚಿಂತೆ. ಹಬ್ಬ ಬಂದರೂ ಬೇಜಾರು, ಆ ವಾರ ಸ್ಪೆಷಲ್ ಎಪಿಸೋಡ್ ಇರುತ್ತದಲ್ಲ.

ಆದರೆ ಆ ಕೆಲಸ ನನಗೆ ಇಷ್ಟವಿತ್ತು. ಈಗಲೂ ಇದೆ. ಒಂದು ಸಾಲನ್ನು ಹಿಡಿದು ಹಿಂದೆ ಮುಂದೆ ಮಾಡಿ ನಗು ಬರುವ ಜಾಗ ಹುಡುಕುವ ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಜಗಳ ಮಾಡಿ ಮನೆ ಬಿಟ್ಟುಹೋದ ಮಗ ಎಷ್ಟೋ ವರ್ಷದ ಮೇಲೆ ಬಂದು ಬಾಗಿಲು ತಟ್ಟುತ್ತಾನೆ. ತಾಯಿ ಕಣ್ಣೀರು ಹಾಕುತ್ತಾ "ಈಗಲಾದರೂ ನೆನಪಾಯ್ತೇನೋ?" ಅನ್ನುತ್ತಾಳೆ. ನಾನು ಮೊದಲು ಬರೆದಿದ್ದ ಉತ್ತರ ಹೀಗಿತ್ತು: "ಛತ್ರಿ ಬಿಟ್ಟು ಹೋಗಿದ್ದು ನೆನಪಾಯ್ತಮ್ಮ, ಅದಕ್ಕೇ ಬಂದೆ." ರಿಹರ್ಸಲ್‌ನಲ್ಲಿ ಯಾರೂ ಸರಿಯಾಗಿ ನಗಲಿಲ್ಲ. ಯಾಕೆ? ನಗು ಇರುವುದು ಛತ್ರಿಯಲ್ಲಿ. ಅದು ಸಾಲಿನ ಶುರುವಿನಲ್ಲೇ ಬಂದುಬಿಟ್ಟಿದೆ. ಜನ ನಗಲು ಬಾಯಿ ತೆರೆಯುವಷ್ಟರಲ್ಲಿ ಉಳಿದ ಮಾತು ಬಂದು ಅವರನ್ನು ಸುಮ್ಮನಾಗಿಸುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುತ್ತದೆ, ಅದಕ್ಕೇ ಈ ಕಷ್ಟ ಜಾಸ್ತಿ. ಹೀಗೆ ತಿರುಗಿಸಿದೆ: "ಬಿಟ್ಟು ಹೋಗಿದ್ದೊಂದು ನೆನಪಾಯ್ತಮ್ಮ." ತಾಯಿ ತಬ್ಬಿಕೊಳ್ಳಲು ಕೈ ಚಾಚುತ್ತಾಳೆ. "ಛತ್ರಿ." ಶೂಟಿಂಗ್‌ನಲ್ಲಿ ಆ ನಟರು ಆ ಮಾತಿಗೆ ಮುಂಚೆ ತಾಯಿಯ ಭುಜದ ಮೇಲಿಂದ ಮನೆಯೊಳಗೆ ಒಮ್ಮೆ ಇಣುಕಿದರು. ನಾನು ಅದನ್ನು ಬರೆದಿರಲಿಲ್ಲ. ಅವರು ಇಣುಕುತ್ತಿದ್ದ ಹಾಗೇ ಜನ ನಗಲು ಶುರು ಮಾಡಿದರು.

ನಾನು ತಪ್ಪಿದ್ದು ಇಲ್ಲಿಂದಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ತಪ್ಪಿನ ಥರ ಕಾಣುವುದೇ ಇಲ್ಲ. ಒಳ್ಳೆಯ ಕೆಲಸದ ಥರವೇ ಕಾಣುತ್ತದೆ.

ಒಬ್ಬ ನಟನಿಗೆ ಬರೆಯುವಾಗ ಅವರ ಬಾಯಿಗೆ ಹೊಂದುವ ಹಾಗೆ ಬರೆಯಬೇಕು. ಅದು ಸರಿಯೇ. ಅವರಿಗೆ ಉದ್ದ ಸಾಲು ಒಗ್ಗುತ್ತಿರಲಿಲ್ಲ, ತುಂಡು ಮಾಡಿ ಕೊಡುತ್ತಿದ್ದೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದೂ ಗೊತ್ತಿತ್ತು. ಅವರು ಹುಬ್ಬು ಎತ್ತಿದರೆ ಒಂದು ಸಾಲು ಉಳಿಯುತ್ತದೆ ಅಂತ ತಿಳಿದ ಮೇಲೆ ಆ ಸಾಲು ಬರೆಯುವುದನ್ನು ಬಿಟ್ಟೆ. ಸ್ಕ್ರಿಪ್ಟ್‌ನಲ್ಲಿ "ಇಲ್ಲಿ ಅವರು ನೋಡ್ಕೋತಾರೆ" ಅಂತ ಬರೆಯತೊಡಗಿದೆ. ಮೊದಲು ಒಂದು ಕಡೆ, ಆಮೇಲೆ ಪುಟಕ್ಕೊಂದು ಕಡೆ. ಸ್ಕಿಟ್‌ನ ಕೊನೆ ಸಿಗದಿದ್ದರೂ ಅದೇ, ಎರಡು ಪಾತ್ರದ ಜಗಳ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೂ ಅದೇ. ಅವರು ನಿಜಕ್ಕೂ ನೋಡಿಕೊಳ್ಳುತ್ತಿದ್ದರು, ಅಷ್ಟು ಒಳ್ಳೆಯ ನಟರು. ಶೋ ಚೆನ್ನಾಗಿ ಓಡುತ್ತಿತ್ತು. ನಾನು ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅಸಲಿಗೆ ಬರವಣಿಗೆಯ ಕಷ್ಟದ ಭಾಗವನ್ನೆಲ್ಲ ವಾರವಾರವೂ ಇನ್ನೊಬ್ಬರ ಮುಖಕ್ಕೆ ಬಿಟ್ಟುಕೊಡುತ್ತಿದ್ದೆ. ಕಟ್ಟುವುದು, ತಿರುವು ತರುವುದು, ಮುಗಿಸುವುದು ಎಲ್ಲ ಕೈಬಿಟ್ಟು ಹೋಗುತ್ತಿತ್ತು. ಎಷ್ಟೋ ಜೋಕು ಫೋನಿನಲ್ಲೇ ಹೇಳುತ್ತಿದ್ದೆ. ಬರೆದಿಡಲೂ ಇಲ್ಲ. ಟೈಟಲ್ ಕಾರ್ಡ್‌ನಲ್ಲಿ "ಬರವಣಿಗೆ: ತಂಡ" ಅಂತ ಬರುತ್ತಿತ್ತು. ನನ್ನ ಹೆಸರು ಹಾಕಿ ಅಂತ ಒಂದು ಸಲವೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಆ ನಟರು ಖಂಡಿತ ಹಾಕಿಸುತ್ತಿದ್ದರು.

ಅವರು ಸಿನಿಮಾಗೆ ಹೋದರು, ಶೋ ನಿಂತಿತು. ನಾನು ಬೇರೆ ಕಡೆ ಕೆಲಸ ಕೇಳಿದೆ. ಅಲ್ಲಿನ ಮುಖ್ಯ ಬರಹಗಾರರು ತುಂಬಾ ಮರ್ಯಾದೆಯಿಂದ "ನಿಮ್ಮದೇ ಒಂದು ಸ್ಕ್ರಿಪ್ಟ್ ಕಳಿಸಿ, ಓದಿ ಹೇಳ್ತೀನಿ" ಅಂದರು. ಇದ್ದಿದ್ದರಲ್ಲಿ ಒಳ್ಳೆಯದನ್ನು ಆರಿಸಿ ಕಳಿಸಿದೆ. "ಇದರಲ್ಲಿ ನಗು ಎಲ್ಲಿದೆ ಅಂತ ಗೊತ್ತಾಗಲಿಲ್ಲ" ಅಂತ ಉತ್ತರ ಬಂತು. ತೆಗೆದು ಓದಿದೆ. ಅವರು ಹೇಳಿದ್ದು ನಿಜ. ನಗು ಕಾಗದದ ಮೇಲೆ ಇರಲೇ ಇಲ್ಲ. ಅಷ್ಟು ವರ್ಷ ಜನರನ್ನು ನಗಿಸಿದ ಮೇಲೂ ನನ್ನದು ಅಂತ ತೋರಿಸಲು ಒಂದು ಸ್ಕಿಟ್ ಇಲ್ಲ.

ಆಗ ನನಗೂ ನಿಮ್ಮ ಥರವೇ ಅನ್ನಿಸಿತು. ನಾನೇ ವೇದಿಕೆ ಹತ್ತಿದರೆ ಯಾರ ಹಂಗೂ ಇರುವುದಿಲ್ಲ ಅಂತ. ಯಾರು ಬೇಕಾದರೂ ವೇದಿಕೆ ಹತ್ತಿ ಕೆಲವು ನಿಮಿಷ ಮಾತಾಡಬಹುದಾದ ಓಪನ್ ಮೈಕ್‌ಗಳಿಗೆ ಹೋದೆ. ಜನ ನಗುತ್ತಿದ್ದರು ಕೂಡ. ಆದರೆ ಅದು ಬೇರೆಯದೇ ಕಸುಬು. ಅದೇ ಐದು ನಿಮಿಷವನ್ನು ರಾತ್ರಿ ರಾತ್ರಿ ಹೇಳಿ, ಪ್ರತಿ ಸಲ ಹೊಸದಾಗಿ ಹೇಳುತ್ತಿರುವ ಹಾಗೆ ಕಾಣಬೇಕು. ನನಗೆ ಎರಡನೇ ರಾತ್ರಿಗೇ ಅದನ್ನು ತಿದ್ದುವ ಆಸೆ. ಸ್ಟ್ಯಾಂಡಪ್‌ನವರಿಗೆ ಜನರ ಮುಂದೆ ನಿಲ್ಲುವ ಹಸಿವು ಇರುತ್ತದೆ, ಆ ಹಸಿವು ಇದ್ದವರು ಯಾರನ್ನೂ ಕೇಳುವುದಿಲ್ಲ, ಸುಮ್ನೆ ಹೋಗಿ ನಿಂತುಬಿಡುತ್ತಾರೆ. ನೀವು ಕೇಳುತ್ತಿದ್ದೀರಿ. ಪ್ರಶ್ನೆಯಲ್ಲಿ ಎರಡು ಪ್ಯಾರಾ ಪೂರ್ತಿ ನಿಮ್ಮ ಸಾಲನ್ನು ನಟ ಬದಲಾಯಿಸಿದ ಸಿಟ್ಟು ಇದೆ, ವೇದಿಕೆಯ ಬಗ್ಗೆ ಒಂದೇ ಸಾಲು. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮದು ಬರೆಯುವವರ ಸಂಕಟ. ಮೈಕ್ ಅದಕ್ಕೆ ಮದ್ದಲ್ಲ.

ಮದ್ದು ಅಂದರೆ ನಿಮ್ಮದೇ ಒಂದು ಬರಹ. ಯಾರ ಮುಖವೂ ಇಲ್ಲದೆ, ಓದಿದರೇ ನಗು ಬರುವಂಥದ್ದು. ಅಮೆರಿಕದ ನೀಲ್ ಸೈಮನ್ ಹೆಸರು ಕೇಳಿರಬಹುದು. 1950ರ ದಶಕದಲ್ಲಿ ಸಿಡ್ ಸೀಸರ್ ಅನ್ನುವ ದೊಡ್ಡ ಹಾಸ್ಯ ನಟನ ಟಿವಿ ಶೋಗೆ ಬರೆಯುತ್ತಿದ್ದರು. ವಾರಕ್ಕೊಮ್ಮೆ 90 ನಿಮಿಷ, ಅದೂ ನೇರಪ್ರಸಾರ. ಮೆಲ್ ಬ್ರೂಕ್ಸ್ ಅಂಥ ಜೋರು ಬಾಯಿಯ ಬರಹಗಾರರು ಇದ್ದ ಕೋಣೆಯಲ್ಲಿ ಸೈಮನ್ ಮೆಲುದನಿಯ ಮನುಷ್ಯ. ಟಿವಿ ಕೆಲಸದಲ್ಲಿ ಸಂಬಳ ಬರುತ್ತಿರುವಾಗಲೇ ಬಿಡುವು ಮಾಡಿಕೊಂಡು ಒಂದು ನಾಟಕ ಬರೆದರು. ಮತ್ತೆ ಮತ್ತೆ ತಿದ್ದಿದರು. ಅದು 1961ರಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕಗಳ ಜಾಗವಾದ ಬ್ರಾಡ್‌ವೇಯಲ್ಲಿ ರಂಗಕ್ಕೆ ಬಂತು. ಅಲ್ಲಿಂದ ಮುಂದೆ ಅವರು ನಾಟಕಕಾರರಾದರು, 1991ರಲ್ಲಿ ಪುಲಿಟ್ಜರ್ ಅನ್ನುವ ದೊಡ್ಡ ಪ್ರಶಸ್ತಿ ಕೂಡ ಬಂತು. ನನಗೆ ಮುಖ್ಯ ಅನ್ನಿಸುವುದು ಪ್ರಶಸ್ತಿಯಲ್ಲ. ಕೆಲಸ ಇರುವಾಗಲೇ, ಕೈಯಲ್ಲಿ ಕಾಸು ಓಡಾಡುತ್ತಿರುವಾಗಲೇ ಬರೆದರಲ್ಲ, ಅದು. ನಾನು ಕೆಲಸ ಹೋದ ಮೇಲೆ ಬರೆಯಲು ಕೂತೆ. ಮುಂದಿನ ತಿಂಗಳ ಭಯ ಎದೆಯಲ್ಲಿ ಇಟ್ಟುಕೊಂಡು ಹಾಸ್ಯ ಬರೆಯುವುದು ನರಕ. ಬರೆದೆ, ಕೊನೆಗೆ ಅದರಿಂದಲೇ ಈಗಿನ ಕೆಲಸ ಸಿಕ್ಕಿತು. ಆದರೆ ಆ ನರಕ ನಿಮಗೆ ಬೇಡ.

ಇನ್ನೊಂದು, ಬರೆದದ್ದನ್ನೆಲ್ಲ ಇಟ್ಟುಕೊಳ್ಳಿ. ಫಿಲ್ಲಿಸ್ ಡಿಲ್ಲರ್ ಅನ್ನುವ ಹಾಸ್ಯ ಕಲಾವಿದೆ ತಮ್ಮ ಜೋಕುಗಳನ್ನು ಕಾರ್ಡುಗಳ ಮೇಲೆ ಟೈಪ್ ಮಾಡಿ, ವಿಷಯದ ಪ್ರಕಾರ ಜೋಡಿಸಿ, ದೊಡ್ಡ ಉಕ್ಕಿನ ಕಪಾಟಿನಲ್ಲಿ ಇಟ್ಟಿದ್ದರು. 50 ಸಾವಿರಕ್ಕೂ ಹೆಚ್ಚು ಕಾರ್ಡು. ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ನಿಮಗೆ ಕಪಾಟು ಬೇಡ, ತಾರೀಖು ಹಾಕಿದ ಒಂದು ಫೈಲ್ ಸಾಕು. ಫೋನಿನಲ್ಲಿ ಹೇಳಿದ ಜೋಕನ್ನೂ ಆಮೇಲೆ ಬರೆದು ಇಮೇಲ್ ಮಾಡಿ. ಜೋಕಿನ ಐಡಿಯಾಗೆ ಕಾಪಿರೈಟ್ ಇಲ್ಲ, ಬರೆದಿಟ್ಟ ರೂಪಕ್ಕೆ ಮಾತ್ರ. ಬಾಯಲ್ಲಿ ಹೇಳಿಬಿಟ್ಟಿದ್ದು ನಿಮ್ಮದು ಅಂತ ತೋರಿಸುವುದು ಕಷ್ಟ. ಸಂಬಳಕ್ಕೆ ಬರೆದದ್ದರ ಹಕ್ಕು ಸಾಮಾನ್ಯವಾಗಿ ದುಡ್ಡು ಕೊಟ್ಟವರಿಗೇ ಹೋಗುತ್ತದೆ, ಹಾಗಾಗಿ ಒಪ್ಪಂದ ಪೂರ್ತಿ ಓದದೆ ಸಹಿ ಹಾಕಬೇಡಿ.

"ನಾನಿಲ್ಲದಿದ್ದರೂ ಶೋ ನಡೆಯುತ್ತೆ" ಅಂತ ಬರೆದಿದ್ದೀರಿ. ಈ ಮಾತು ನನಗೆ ತುಂಬಾ ಬೇಜಾರು ಮಾಡಿತು. 2023ರ ಮೇ 2ರಂದು ಅಮೆರಿಕದ ಬರಹಗಾರರು ಮುಷ್ಕರ ಶುರು ಮಾಡಿದರು. ರಾತ್ರಿ ಹೊತ್ತಿನ ದೊಡ್ಡ ದೊಡ್ಡ ಕಾಮಿಡಿ ಶೋಗಳು ಕೂಡಲೇ ನಿಂತು ಹಳೇ ಎಪಿಸೋಡ್ ಹಾಕಬೇಕಾಯಿತು. ನಡೆಸಿಕೊಡುವವರು ಇದ್ದರು, ಸ್ಟುಡಿಯೋ ಇತ್ತು, ಬರೆಯುವವರು ಮಾತ್ರ ಇರಲಿಲ್ಲ. 148 ದಿನ ಹೀಗೇ ನಡೆಯಿತು. ನಿಮ್ಮ ಕೆಲಸ ಅಷ್ಟು ದೊಡ್ಡದು. ಅದು ನಿಮಗೇ ಗೊತ್ತಿಲ್ಲದಿದ್ದರೆ ಎದುರಿಗೆ ಕೂತ ನಿರ್ಮಾಪಕರಿಗೆ ಹೇಗೆ ಗೊತ್ತಾಗಬೇಕು?

ಹೆಸರು ಕೇಳುವುದಕ್ಕೆ ಹೆದರಿಕೆ ಅಂತಲೂ ಹೇಳಿದ್ದೀರಿ. ಸೀಸನ್ ನಡುವೆ, ಶೂಟಿಂಗ್ ಗಲಾಟೆಯಲ್ಲಿ ಕೇಳಬೇಡಿ, ಯಾರಿಗೂ ಕಿವಿ ಇರುವುದಿಲ್ಲ. ಮುಂದಿನ ಸೀಸನ್ನಿನ ಮಾತುಕತೆಗೆ ಕರೆದಾಗ ದುಡ್ಡಿನ ವಿಷಯಕ್ಕೆ ಮುಂಚೆ ಇದನ್ನೇ ಎತ್ತಿ. "ತಂಡ" ಬೇಡ, ನನ್ನ ಹೆಸರು ಹಾಕಿ ಅನ್ನಿ. ಅದನ್ನು ಒಪ್ಪಂದದಲ್ಲೇ ಬರೆಸಿ. ದುಡ್ಡು ಸ್ವಲ್ಪ ಕಡಿಮೆ ಮಾಡುತ್ತೇವೆ ಅಂದರೂ ಹೆಸರು ಬಿಡಬೇಡಿ. ಅಷ್ಟರೊಳಗೆ ನಿಮ್ಮ ಸ್ವಂತ ಸ್ಕ್ರಿಪ್ಟ್ ಒಂದು ಮುಗಿದಿದ್ದರೆ ಆ ಮಾತುಕತೆಯಲ್ಲಿ ನಿಮ್ಮ ದನಿಯೇ ಬೇರೆ ಇರುತ್ತದೆ. ಬರೆದಾದ ಮೇಲೆ ಕಾಮಿಡಿ ಅಂದರೆ ಮೂಗು ಮುರಿಯುವ ಯಾರಿಗಾದರೂ ಓದಲು ಕೊಡಿ. ಎಲ್ಲಿ ನಕ್ಕರು ಅನ್ನುವುದನ್ನು ಮಾತ್ರ ಗುರುತು ಹಾಕಿಕೊಳ್ಳಿ, ಉಳಿದದ್ದನ್ನೆಲ್ಲ ಮತ್ತೆ ಬರೆಯಿರಿ.